ಎಡಗಡೆಯ ಕಿಟಕಿ

ಕೀತ್ಲಿ, ಯಾರ್ಕ್‌ಷೈರ್
ಏಪ್ರಿಲ್ ೧೪, ಸೋಮವಾರ ಬೆಳಿಗ್ಗೆ

ಪ್ರೀತಿಯ ಡಂಕನ್,

‘ಪ್ರೀತಿಯ’ ಎಂದು ಬರೆದದ್ದು ಕೈಯ ಅಭ್ಯಾಸ, ಅದನ್ನು ತಲೆಗೇರಿಸಿಕೊಳ್ಳಬೇಡ. ನಿನ್ನ ಬೆನ್ನುನೋವು ಹೇಗಿದೆ? ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಡಬೇಕಾದ ದಿನವೇ ಹುಡುಕಿಕೊಂಡು ಬಂದ ನೋವು, ಇಷ್ಟರಲ್ಲಿ ವಾಸಿಯಾಗಿರಬೇಕು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ, ಈ ಮನೆಯಲ್ಲಿ ಅದೇನೂ ಹೊಸದಲ್ಲ.

ನಿನ್ನ ಈಸ್ಟರ್ ಕಾರ್ಡು ಬಂತು. ಮೊಲದ ಚಿತ್ರ ಮುದ್ದಾಗಿದೆ. ಒಳಗೆ ಬರೆದದ್ದು ಮುದ್ದಾಗಿಲ್ಲ. ‘ಅಮ್ಮಾ, ಆ ಕ್ಯಾರವಾನನ್ನ ಗುಜರಿಗೆ ಹಾಕ್ಬಿಡು, ಅದು ಕೊಳೆತು ಹೋಗಿದೆ. ಈ ವಯಸ್ಸಲ್ಲಿ ಏಣಿ ಹತ್ಬೇಡ.’ ಮೂರು ವರ್ಷದಿಂದ ಈ ಕಡೆ ತಲೆ ಹಾಕದವನಿಗೆ ಇಲ್ಲಿ ಏನು ಕೊಳೆತಿದೆ ಎಂದು ಪ್ಲಿಮತ್‌ನಿಂದಲೇ ಕಾಣಿಸಿತೋ? ಪ್ರತಿ ಬೇಸಿಗೆಯಲ್ಲೂ ಕಾರಿನ ಹಿಂದೆ ಕಟ್ಟಿಕೊಂಡು ನಿನ್ನನ್ನು ಫೈಲಿಯ ಕಡಲತೀರಕ್ಕೆ ಕರೆದೊಯ್ದ ಮನೆಗಾಡಿ ಅದು. ನೀನು ಮೊದಲ ಹೆಜ್ಜೆ ಇಟ್ಟದ್ದು ಅದರ ಮಂಚಗಳ ನಡುವೆ. ಮೇ ತಿಂಗಳ ರಜೆಗೆ ನಾನು ಅದನ್ನು ಫೈಲಿಗೆ ಒಯ್ದೇ ಒಯ್ಯುತ್ತೇನೆ, ಅಲ್ಲೇ ಮಲಗುತ್ತೇನೆ. ಗುಜರಿಯವನು ಬೇಕಾದರೆ ನಿನ್ನ ಮನೆಗೆ ಬರಲಿ.

ಬರೀ ಬಾಯಿಮಾತಲ್ಲ, ಅರ್ಧ ಕೆಲಸ ಮುಗಿಸಿದ್ದೇನೆ. ಹೊರಮೂಲೆಗಳ ಅಲ್ಯೂಮಿನಿಯಂ ಪಟ್ಟಿಗಳನ್ನೆಲ್ಲ ಬಿಚ್ಚಿದೆ. ಸ್ಕ್ರೂಗಳು ತುಕ್ಕು ಹಿಡಿದು ನಿಮ್ಮಪ್ಪನಷ್ಟೇ ಹಟ ಮಾಡಿದವು. ನೀರು ತಡೆಯಲು ಪಟ್ಟಿಯ ಕೆಳಗೆ ಹಾಕುವ ಮಾಸ್ಟಿಕ್ ಮೇಣದಂತೆ ಸದಾ ಮೆತ್ತಗಿರಬೇಕು ತಾನೆ? ಇಲ್ಲಿ ಅದು ಹಳೇ ಬಿಸ್ಕತ್ತಿನ ಹಾಗೆ ಪುಡಿಯಾಗಿತ್ತು. ಕೆರೆದೆ, ಸ್ಪಿರಿಟ್ ಹಚ್ಚಿ ಒರೆಸಿದೆ, ಹೊಸದನ್ನು ಒತ್ತಿ ಪಟ್ಟಿ ಬಿಗಿದೆ. ಪಕ್ಕದ ಮನೆಯ ಐರೀನ್ ಬೇಲಿಯಾಚೆ ನಿಂತು, ‘ಡೊರೀನ್, ಏಣಿ ಇಳೀತೀಯೋ, ಇಲ್ಲ ಆಂಬುಲೆನ್ಸ್ ಕರೀಲೋ?’ ಎಂದಳು. ‘ಮೊದ್ಲು ಒಂದು ಕಪ್ ಟೀ ತಗೊಂಬಾ, ಆಂಬುಲೆನ್ಸ್ ಆಮೇಲೆ ನೋಡೋಣ’ ಎಂದೆ. ಟೀ ತಂದಳು, ಸಕ್ಕರೆ ಮರೆತಿದ್ದಳು.

ಉಳಿದಿರುವುದು ನಿನ್ನ ಕಿಟಕಿ. ನೀನು ಮನೆ ಬಿಟ್ಟ ಆ ಆಗಸ್ಟಿನಲ್ಲಿ ಎಡಗಡೆಗೆ ಹೊಸ ಕಿಟಕಿ ಕೂರಿಸುತ್ತೇನೆಂದು ಕುಣಿದವನು ನೀನೇ. ಫೈಲಿಯಲ್ಲಿ ಮೊದಲ ಮಳೆಗೇ ಅದರ ಮೇಲಂಚಿನಿಂದ ನೀರು ತೊಟ್ಟಿಕ್ಕಿ ನಿಮ್ಮಪ್ಪನ ದಿಂಬು ತೊಯ್ದು ತೊಪ್ಪೆಯಾಯಿತು. ಅವರು ಅಕ್ಕಪಕ್ಕದ ಕ್ಯಾರವಾನಿನವರೆಲ್ಲ ಕೇಳುವಂತೆ, ‘ಒಂದು ಕಿಟಕಿ ಕೂರ್ಸೋಕೆ ಬರಲ್ಲ, ನೀನೂ ಒಬ್ಬ ಗಂಡಸಾ!’ ಎಂದರು. ಒಪ್ಪುತ್ತೇನೆ, ಆಡಬಾರದ ಮಾತು. ಆದರೆ ಒಂದು ಮಾತಿಗೆ ಚೀಲ ಹೆಗಲಿಗೇರಿಸಿ ಹೊರಟವನು, ಅವರು ಸತ್ತರೂ ಬರಲಿಲ್ಲವಲ್ಲೋ! ಹೂ ಕಳಿಸಿದೆ. ಹೂವಿಗೇನು, ಅಂಗಡಿಯವನೂ ಕಳಿಸುತ್ತಾನೆ. ಪೆಟ್ಟಿಗೆಯಲ್ಲಿ ನೀನು ಹೊರಬೇಕಿದ್ದ ಮೂಲೆಗೆ ಹೆಗಲು ಕೊಟ್ಟವನು ಐರೀನಳ ಗಂಡ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಇವತ್ತು ಮಧ್ಯಾಹ್ನ ಆ ಕಿಟಕಿಯನ್ನು ಕಿತ್ತು ನಿನ್ನ ಕೈಕೆಲಸದ ಚಂದವನ್ನು ಕಣ್ಣಾರೆ ನೋಡುತ್ತೇನೆ. ಹರಸಬೇಕಾದವಳು ತಾಯಿ, ಅದಕ್ಕೇ ಹರಸಿದ್ದೇನೆ. ಚೆನ್ನಾಗಿರು, ಅಲ್ಲೇ ಇರು. ಇಲ್ಲಿಗೆ ಬರುವುದು ಬೇಡ.

ನಿನ್ನ ಅಮ್ಮ,
ಡೊರೀನ್

ವಿ.ಸೂ. ಸಂಜೆಯಾಗಿದೆ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಕಿಟಕಿ ಕಿತ್ತೆ. ನೀನು ಹಾಕಿದ ಮಾಸ್ಟಿಕ್ ಇನ್ನೂ ಬೆಣ್ಣೆಯ ಹಾಗಿದೆ. ಅದರ ಕೆಳಗೆ ಒಂದು ಹನಿಯೂ ನುಗ್ಗಿಲ್ಲ. ಕೊಳೆತಿರುವುದು ಕಿಟಕಿಯ ಮೇಲಿನ ಮರ. ಕಪ್ಪು ಕಲೆಯ ಜಾಡು ಹಿಡಿದು ಹತ್ತಿದರೆ ಛಾವಣಿ, ಅಲ್ಲಿ ಅದೇ ಬೇಸಿಗೆ ನಿಮ್ಮಪ್ಪ ಕೂರಿಸಿದ ಟೀವಿ ಆಂಟೆನಾ. ಅದರ ಬುಡಕ್ಕೆ ಮಾಸ್ಟಿಕ್ ಅಲ್ಲ, ಬಚ್ಚಲುಮನೆಗೆ ಬಳಿಯುವ ಸಿಲಿಕಾನ್! ಉಗುರಿನಲ್ಲಿ ಎಳೆದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂತು. ನೀರು ಅಲ್ಲಿ ಇಳಿದು, ಗೋಡೆಯೊಳಗೇ ಹರಿದು, ನಿನ್ನ ಕಿಟಕಿಯ ನೆತ್ತಿಯಲ್ಲಿ ತೊಟ್ಟಿಕ್ಕುತ್ತಿತ್ತು. ಇನ್ನೂ ಕೇಳು. ಹಳೆಯದರ ಮೇಲೆ ಇನ್ನೊಂದು ಪದರ ಬಳಿದಿದೆ, ನೀನು ಮನೆ ಬಿಟ್ಟ ಮೇಲೆ ನಮ್ಮ ಬಚ್ಚಲಿಗೆಂದು ತಂದ ನೀಲಿ ಬಣ್ಣದ್ದು. ಅಂದರೆ ತಪ್ಪು ತನ್ನದೇ ಎಂದು ಆ ಮುದುಕನಿಗೆ ಗೊತ್ತಾಗಿತ್ತು. ಕದ್ದುಮುಚ್ಚಿ ಬಳಿದು, ಬಾಯಿ ಹೊಲಿದುಕೊಂಡು ಸತ್ತ. ಚರ್ಚಿನ ಹಿಂದೆ ಹೋಗಿ ಸಮಾಧಿಯ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದು ಬಂದೆ. ಪಾದ್ರಿ ಕೇಳಿಸಿಕೊಂಡರು, ಕೇಳಲಿ. ಅವನ ಪರವಾಗಿ ಕ್ಷಮೆ ಕೇಳುವವಳು ನಾನಲ್ಲ. ಈಗ ಗೋಡೆಯ ತೂತಿಗೆ ಪ್ಲಾಸ್ಟಿಕ್ ಹೊದಿಸಿದ್ದೇನೆ, ಶನಿವಾರ ಮಳೆಯಂತೆ. ಕಿಟಕಿ ಕೂರಿಸಲು ಒಬ್ಬರು ಒಳಗಿನಿಂದ ಹಿಡಿಯಬೇಕು, ಒಬ್ಬರು ಹೊರಗಿನಿಂದ ಒತ್ತಬೇಕು. ಐರೀನಳ ಗಂಡ ಬರುತ್ತೇನೆಂದ, ಬೇಡ ಎಂದೆ. ‘ಬರುವುದು ಬೇಡ’ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೋ. ಶುಕ್ರವಾರದ ರೈಲು ಹಿಡಿ. ಹೂ ತರಬೇಡ. ಅವತ್ತು ಹಾಕಿದ್ದೆಯಲ್ಲ, ಅದೇ ಮಾಸ್ಟಿಕ್ ತಾ.