ಮೂರನೆಯ ಪದರ

ಜೂನ್ 9, ಭಾನುವಾರ

ಸೀರೆಗಳನ್ನು ಒಗೆದು, ಗಂಜಿ ಬಿಡಿಸಿ, ಒಣಹಾಕಿದ್ದಾಯಿತು. ಒಟ್ಟು ಮೂವತ್ತೊಂದು. ಕೌದಿಯ ಮೇಲ್ಪದರಕ್ಕೆ ಬಿಳಿಯೇ ಬೇಕು ಎಂದಳು ಐಂದ್ರಿಲಾ. ಕೋಲ್ಕತ್ತಾದ ಕಲಾವಿದೆ. ಚಿತ್ರ ಬರೆಯುವವಳು ಅವಳು, ಹೊಲಿಯುವವರು ನಮ್ಮ ಹನ್ನೊಂದು ಹೆಂಗಸರು. ಬಿಳಿ ಸೀರೆಗೇನು ಬರ... ಊರಲ್ಲಿ ವಿಧವೆಯರಿದ್ದಾರೆ.

ನಮ್ಮ ಕಡೆ ಕೌದಿ, ಇಲ್ಲಿ ಕಾಂಥಾ. ಬಂಗಾಳದ ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಎಲ್ಲರ ಬಾಯಲ್ಲೂ ‘ಬೌದಿ’, ಅಂದರೆ ಅತ್ತಿಗೆ. ಬೌದಿಯ ಅಂಗಳದಲ್ಲಿ ಕೌದಿ. ಪ್ರಾಸ ತಾನಾಗಿ ಬಂತು, ನಾನು ಕರೆಯಲಿಲ್ಲ.

ಪ್ರದರ್ಶನದ ವಿಷಯ: ಚಿಕ್ಕ ವಯಸ್ಸಿಗೇ ಮದುವೆಯಾಗಿ ಹೋದ ಹುಡುಗಿಯರು. ಹೊರಗಿನ ಬಟ್ಟೆ ಬೇಡ, ನಿಮ್ಮ ನಿಮ್ಮ ಮನೆಯ ಸೀರೆಯನ್ನೇ ತನ್ನಿ, ನಿಮ್ಮ ಬದುಕು ಅದರೊಳಗೆ ಇರಬೇಕು ಎಂದಿದ್ದಳು ಐಂದ್ರಿಲಾ. ತಂದರು.

ಮೊರ್ಜಿನಾ ಕೊನೆಗೆ ಬಂದಳು. ಕಂಕುಳಲ್ಲಿ ಒಂದು ಗಂಟು. ಬಿಚ್ಚಿದಳು. ಅರಿಶಿನ ಬಣ್ಣದ ಸೀರೆ, ಕೆಂಪು ಅಂಚು. ಮಗಳು ಶೆಫಾಲಿಗೆ ಅರಿಶಿನದ ದಿನ ಉಡಿಸಿದ್ದು. ಹದಿನಾರಕ್ಕೆ ಮದುವೆ; ನಾಲ್ಕನೇ ತಿಂಗಳಿಗೆ ‘ನೇಣು ಹಾಕಿಕೊಂಡಳು’ ಎಂದರು ಗಂಡನ ಮನೆಯವರು. ಹೆಣದ ಜೊತೆ ಈ ಗಂಟು ಬಂದಿತ್ತು. ಮಗಳದ್ದು ಅಂತ ಉಳಿದಿರುವುದು ಇದೊಂದೇ.

“ಇದು ಮನೇಲಿರಲಿ ಮೊರ್ಜಿನಾ.”

“ಟ್ರಂಕಿನಲ್ಲಿಟ್ರೆ ಹುಳ ತಿನ್ನುತ್ತೆ. ಕಾಂಥಾದೊಳಗೆ ಇಟ್ರೆ ಉಳಿಯುತ್ತೆ.”

ಐದು ಪದರದಲ್ಲಿ ಮೂರನೆಯದಾಗಿ ತಾನೇ ಹಾಸಿದಳು. ಅಂಗೈಯಿಂದ ಸುಕ್ಕು ತೀಡಿದಳು.

“ಮೇಲಿದ್ರೆ ಬಿಸಿಲಿಗೆ ಬಣ್ಣ ಹೋಗುತ್ತೆ ಬೌದಿ. ಕೆಳಗಿದ್ರೆ ನೆಲದ ಥಂಡಿ. ನಡುವೆ ಇರಲಿ. ಬೆಚ್ಚಗಿರ್ತಾಳೆ.”

ಅಳತೆ ಸರಿಮಾಡಲು ಸುತ್ತಲೂ ಕತ್ತರಿಸಿದೆವು. ಚೂರುಗಳನ್ನು ನನ್ನ ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. ಏನನ್ನೂ ಎಸೆಯದ ರೋಗ ನನಗೆ.

ಜುಲೈ 2

ಐಂದ್ರಿಲಾ ಫಾರಂ ಕಳಿಸಿದ್ದಾಳೆ. ಎಲ್ಲರ ಸಹಿ ಬೇಕಂತೆ. ಇಂಗ್ಲಿಷಿನಲ್ಲಿದೆ. ಕನ್ನಡ ಮೀಡಿಯಂ ತಲೆ, ಬಂಗಾಳಿ ಬಾಯಿ. ನಡುವೆ ಇಂಗ್ಲಿಷ್ ನುಸುಳಬೇಕು. ಮೂರು ಪ್ಯಾರಾ ಬಿಡಿಸಿ ಹೇಳಿದೆ. ನಾಲ್ಕನೆಯದು ಉದ್ದ. ಅಷ್ಟರಲ್ಲಿ ಮೋಡ ಕವಿಯಿತು. ಬಟ್ಟೆ ಎತ್ತಬೇಕಿತ್ತು.

“ಹೆಬ್ಬೆಟ್ಟು ಒತ್ತಿಸ್ಕೊಂಡು ನಮ್ಮ ಹೊಲ ಹೊಡ್ಕೊಳ್ತೀರೇನೋ ಬೌದಿ,” ಎಂದಳು ಟುಸು. ಬಾಗ್ದಿ ಕೇರಿಯವಳು, ನಾಲಿಗೆ ಸೂಜಿಗಿಂತ ಚೂಪು. “ಹೊಡ್ಕೊಳ್ಳಿ. ಇದ್ರೆ ತಾನೆ.”

ನಕ್ಕರು. ಒತ್ತಿದರು. ನಾನು ಸಾಕ್ಷಿ ಸಹಿ ಹಾಕಿದೆ.

ಲತಿಫಾ ಕೇಳಿದಳು, “ಪ್ರದರ್ಶನ ಮುಗಿದ ಮೇಲೆ ಇದು ಯಾರ ಮನೇಲಿರುತ್ತೆ?”

“ಕೂಲಿಗೆ ಹೊಲಿಸೋ ಮಹಾಜನ ಬಟ್ಟೆ ಕೊಟ್ರೆ ಮಹಾಜನಂದು, ನಮ್ಮ ಸೀರೆ ಆದ್ರೆ ನಮ್ಮದು,” ಎಂದಳು ಟುಸು. “ಮನೆ ಸೀರೆಯ ಕಾಂಥಾನ ಯಾವಳಾದ್ರೂ ಮಾರ್ತಾಳೇನೇ? ತಲಾ ಒಂದೊಂದು ಚಳಿಗಾಲ ಇಟ್ಕೊಳೋಣ. ಮೊದಲ ಚಳಿ ಮೊರ್ಜಿನಾ ದೀದಿ ಮನೇಲಿ.”

ಎಲ್ಲರೂ ನನ್ನ ಮುಖ ನೋಡಿದರು. ತಲೆಯಾಡಿಸಿದೆ. ನನಗೂ ಹಾಗೇ ಅನ್ನಿಸಿತ್ತು. ನಾಲ್ಕನೇ ಪ್ಯಾರಾ ನಾಳೆ ಓದಿದರಾಯಿತು.

ಆಗಸ್ಟ್ 20

ಐಂದ್ರಿಲಾ ಹನ್ನೊಂದು ಹುಡುಗಿಯರನ್ನು ಬರೆದಿದ್ದಾಳೆ. ನೀಲಿ, ಮಣ್ಣುಗೆಂಪು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಯಾರಿಗೂ ಮುಖವಿಲ್ಲ. ಖಾಲಿ ಬಿಟ್ಟದ್ದೇ ಅರ್ಥವಂತೆ.

“ಪಾಪ, ಮೂಗು ಬರೆಯೋಕೆ ಬರಲ್ವೇನೋ,” ಎಂದಳು ಟುಸು, ಐಂದ್ರಿಲಾಳ ಎದುರಿಗೇ. ಐಂದ್ರಿಲಾ ನಕ್ಕಳು. ಒಳ್ಳೆಯ ಹುಡುಗಿ. ನೆಲದ ಮೇಲೆ ಕೂತು ಮಂಡಕ್ಕಿ ತಿಂದಳು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡಳು, ಬೈಸಿಕೊಂಡಳು.

ಮೊರ್ಜಿನಾ ಹಳದಿ ಸೀರೆಯ ಅಂಚಿನಿಂದ ಮೊದಲೇ ಒಂದಿಷ್ಟು ಕೆಂಪು ಎಳೆ ಎಳೆದಿಟ್ಟುಕೊಂಡಿದ್ದಳು. ತನ್ನ ಪಾಲಿನ ಹುಡುಗಿಯ ಪಾದಗಳಿಗೆ ಅದರಿಂದಲೇ ಬಣ್ಣ ಹಚ್ಚಿದ ಹಾಗೆ ಹೊಲಿದಳು. ಎಷ್ಟು ದಿನ... ಒಂದೇ ಜೊತೆ ಪಾದ.

ನವೆಂಬರ್ 28

ಮುಗಿಯಿತು. ಮಡಿಸಲು ಆರು ಜನ ಬೇಕಾಯಿತು. ಮಡಿಸುವ ಮುಂಚೆ ಮೊರ್ಜಿನಾ ಬಗ್ಗಿ ಒಂದು ಜಾಗಕ್ಕೆ ಕೆನ್ನೆ ಇಟ್ಟಳು. ಹೊರಗಿನಿಂದ ಹಳದಿ ಎಲ್ಲೂ ಕಾಣುವುದಿಲ್ಲ. ಅವಳಿಗೆ ಮಾತ್ರ ಗೊತ್ತು ಎಲ್ಲಿ ಅಂತ.

“ಈ ಚಳಿ ಮುಗಿಯೋದರೊಳಗೆ ಬರುತ್ತಲ್ಲ ಬೌದಿ?”

“ಬರುತ್ತೆ.”

ನಾಲ್ಕನೇ ಪ್ಯಾರಾ ಇನ್ನೂ ಓದಿಲ್ಲ. ಇವತ್ತು ಬರೆಯುವಾಗ ನೆನಪಾಯಿತು.

ಜನವರಿ 12, ಸಂಜೆ, ರೈಲಿನಲ್ಲಿ

ಕೋಲ್ಕತ್ತಾದಿಂದ ವಾಪಸು. ಹನ್ನೊಂದು ಜನರೂ ಬಂದಿದ್ದರು. ಒಳ್ಳೆಯ ಸೀರೆ, ಎಣ್ಣೆ ಹಚ್ಚಿದ ತಲೆ. ಗ್ಯಾಲರಿಯ ನೆಲ ಎಷ್ಟು ನುಣುಪೆಂದರೆ ಲತಿಫಾ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು.

ಗೋಡೆಯ ಮೇಲೆ ನಮ್ಮ ಕಾಂಥಾ. ಅದರ ಮೇಲೆ ದೀಪದ ಬೆಳಕು ಬಿಟ್ಟಿದ್ದರು. ನೆಲಕ್ಕೆ ಹಾಸಿದ್ದು ನಿಂತಿತ್ತು. ಗುರುತೇ ಸಿಗಲಿಲ್ಲ.

ಮೊರ್ಜಿನಾ ಗೆರೆ ದಾಟಿ ಹೋಗಿ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದಳು. ಪದರ ಎಣಿಸುವವಳ ಹಾಗೆ. ಕಾವಲಿನವನು ಓಡಿ ಬಂದ.

“ಮುಟ್ಟಬಾರದು, ಖಾಲಾ.” ಚಿಕ್ಕಮ್ಮ ಎಂದೇ ಕರೆದ.

“ನಾನೇ ಹೊಲಿದದ್ದಪ್ಪ.”

“ಯಾರೇ ಹೊಲಿದಿರಲಿ, ಮುಟ್ಟಬಾರದು.”

ಆಮೇಲೆ ಐಂದ್ರಿಲಾ ಮೈಕು ಹಿಡಿದಳು. ಕಣ್ಣಲ್ಲಿ ನೀರು. ಯುರೋಪಿನ ಒಂದು ಮ್ಯೂಸಿಯಂ ನಮ್ಮ ಕಾಂಥಾವನ್ನು ಶಾಶ್ವತ ಸಂಗ್ರಹಕ್ಕೆ ತೆಗೆದುಕೊಂಡಿದೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಗ್ಲಿಷ್ ಮಾತು, ನಮ್ಮವರಿಗೆ ತಿಳಿಯಲಿಲ್ಲ. ಸುತ್ತ ನೋಡಿ ಅವರೂ ತಟ್ಟಿದರು.

ಮೊರ್ಜಿನಾಳೂ ತಟ್ಟಿದಳು.

ಈಗ ಎದುರಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಮಲಗಿದ್ದಾಳೆ. ಹೇಳಿಲ್ಲ.

ಜನವರಿ 13

ಓದಿದೆ. ನಾಲ್ಕನೇ ಪ್ಯಾರಾ. ಕೃತಿಯ ಮೇಲಿನ ಎಲ್ಲ ಹಕ್ಕು, ಎಂದೆಂದಿಗೂ, ಬಿಟ್ಟುಕೊಟ್ಟಿದ್ದೇವೆ. ಹನ್ನೊಂದು ಹೆಬ್ಬೆಟ್ಟು. ಕೆಳಗೆ ನನ್ನ ಸಹಿ, ಮುದ್ದಾದ ಅಕ್ಷರ.

ಐಂದ್ರಿಲಾಗೆ ಫೋನ್ ಮಾಡಿ ಹಳದಿ ಸೀರೆಯ ವಿಷಯ ಹೇಳಿದೆ. ಅವಳಿಗೆ ಗೊತ್ತೇ ಇರಲಿಲ್ಲ. ಅತ್ತಳು.

“ಬೌದಿ, ಹೊರಗೆ ತೆಗೀಬೇಕು ಅಂದ್ರೆ ಪೂರ್ತಿ ಬಿಚ್ಚಬೇಕಲ್ವಾ?”

ಬಿಚ್ಚಬೇಕು. ಪ್ರತಿ ಹೊಲಿಗೆಯೂ ಐದು ಪದರ ದಾಟಿದೆ. ಬಿಚ್ಚಿದರೂ ಹಳೇ ಬಟ್ಟೆ, ಜರಡಿಯಾಗಿರುತ್ತದೆ. ಹೊಲಿದದ್ದೇ ಹಿಡಿದಿದೆ.

ನಿನ್ನೆಯದೇ ಪ್ರದರ್ಶನದ ಕೊನೆಯ ದಿನ; ರಾತ್ರಿಯೇ ಪೆಟ್ಟಿಗೆ ಪ್ಯಾಕ್ ಆಗಿದೆಯಂತೆ. ಅಲ್ಲಿ ಅದನ್ನು ಕತ್ತಲ ಕೋಣೆಯಲ್ಲಿ, ಹದವಾದ ಬಿಸಿಯಲ್ಲಿ ಇಡುತ್ತಾರೆ. ನೂರು ವರ್ಷವಾದರೂ ಬಣ್ಣ ಹೋಗುವುದಿಲ್ಲ ಎಂದಳು, ಸಮಾಧಾನಕ್ಕೆ.

ಜನವರಿ 30

“ಬೌದಿ, ಬಂತಾ?”

“ಇನ್ನೂ ಇಲ್ಲ.”

ಫೆಬ್ರವರಿ 6

ಅದೇ ಪ್ರಶ್ನೆ. ಅದೇ ಉತ್ತರ. ಹಲಗೆಮಂಚದ ಮೇಲೆ ಜಾಗ ಮಾಡಿದ್ದಾಳಂತೆ. ಟ್ರಂಕನ್ನು ಗೋಡೆಗೆ ಸರಿಸಿದ್ದಾಳಂತೆ.

ಫೆಬ್ರವರಿ 19

ಟುಸು ಬಂದಳು. ಕೂರಲಿಲ್ಲ.

“ನಿಜ ಹೇಳಿ ಬೌದಿ. ಅದು ಬರಲ್ಲ ಅಲ್ವಾ?”

ಹೇಳಿದೆ. ಫಾರಂ ಬಗ್ಗೆಯೂ, ಮಳೆಯ ಬಗ್ಗೆಯೂ.

ತಮಾಷೆ ಮಾಡುತ್ತಾಳೇನೋ ಎಂದು ಕಾದೆ. ಮಾಡಲಿಲ್ಲ.

“ನಾವು ಓದದವರು, ನಮ್ಮದು ಬಿಡಿ,” ಎಂದಳು. “ಮೊರ್ಜಿನಾ ದೀದಿಗೆ ನಾನು ಹೇಳಲ್ಲ. ಹೆಬ್ಬೆಟ್ಟು ಒತ್ತಿಸಿದವರು ಹೇಳಲಿ.”

 

ಮಾರ್ಚ್ 3, ಮಧ್ಯಾಹ್ನ

ಚಳಿ ಹೋಯಿತು. ಶಿಮುಲ್ ಮರ, ನಮ್ಮ ಕಡೆಯ ಬೂರುಗ, ಹೂ ಬಿಟ್ಟು ಕೆಂಪಾಗಿದೆ.

ಬಿಸ್ಕತ್ತಿನ ಡಬ್ಬಿ ಸುರಿದೆ. ಬಿಳಿ ಚೂರು, ಬಿಳಿ ಚೂರು... ತಳದಲ್ಲಿ ಗೇಣುದ್ದದ ಹಳದಿ. ಒಂದು ಬದಿಗೆ ಕೆಂಪು ಅಂಚು, ಅರ್ಧ ಎಳೆ ಕಿತ್ತದ್ದು. ಉಳಿದದ್ದನ್ನೆಲ್ಲ ತೆಗೆದು ಅದೊಂದನ್ನೇ ಮಡಿಸಿ ಡಬ್ಬಿಯಲ್ಲಿಟ್ಟೆ. ಹೋಗಿ ಹೇಳಿಬಿಡಬೇಕು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಮೊರ್ಜಿನಾ ಅಂಗಳದಲ್ಲಿ ಮಹಾಜನನ ಬಟ್ಟೆ ಹೊಲಿಯುತ್ತಿದ್ದಳು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಎದ್ದಳು. ಕೈ ತೊಳೆದು ಬಂದಳು. ಸೆರಗಿಗೆ ಒರೆಸಿಕೊಂಡು ಎರಡೂ ಅಂಗೈ ಚಾಚಿದಳು.

ಡಬ್ಬಿ ಕೊಟ್ಟೆ. ತೆರೆದಳು. ಚೂರನ್ನು ತೆಗೆದು ಮೂಗಿನ ಹತ್ತಿರ ಹಿಡಿದಳು. ಕೆಂಪು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಈ ತುದಿಯಿಂದ ಆ ತುದಿಗೆ. ತುದಿ ಬೇಗ ಬಂತು.

ಡಬ್ಬಿಯೊಳಗೆ ಮತ್ತೊಮ್ಮೆ ಇಣುಕಿದಳು. ಆಮೇಲೆ ನನ್ನ ಹಿಂದೆ, ದಾರಿಯ ಕಡೆ ನೋಡಿದಳು. ಯಾರಾದರೂ ಹೊತ್ತು ತರುತ್ತಿದ್ದಾರೇನೋ ಎಂಬಂತೆ.

“ಮಿಕ್ಕಿದ್ದು?”

“ಮೊರ್ಜಿನಾ,” ಎಂದೆ, “ಅವತ್ತು ಫಾರಂನ ನಾಲ್ಕನೇ ಪ್ಯಾರಾ ನಾನು ಓದಲಿಲ್ಲ.”