ಬದನಗುಪ್ಪೆ ದಾಟದ ಫ್ಲಾಸ್ಕು

ಉಡಿಗಾಲ
ಬುಧವಾರ, ಜುಲೈ 15, 1998

ಚಿ. ಕಾವ್ಯಶ್ರೀಗೆ, ನಿನ್ನ ಮರಿಮಾವ ಬರೆಯುವುದು.

ಮೊದಲಿಗೆ ಒಂದು ವಿಷಯ ತಿಳಿದಿರಲಿ. ಚಾಮರಾಜನಗರ, ಗುಂಡ್ಲುಪೇಟೆ, ಮೈಸೂರು, ಈ ಮೂರು ಊರಿನ ನಡುವೆ ಓಡುವ ಒಂದು ಬಸ್ಸೂ ನನ್ನ ಬಾಯಿಂದ ‘ರೈಟ್’ ಬೀಳದೆ ಜಗ್ಗಿದ್ದಿಲ್ಲ. ಬಂಡೀಪುರದಲ್ಲಿ ರಸ್ತೆಗೆ ಅಡ್ಡ ನಿಂತ ಸಲಗದ ಮುಂದೆ ನಾನೊಬ್ಬನೇ ಇಳಿದು ಹೋಗಿ, “ಟೈಮಾಯ್ತು ಕಣಪ್ಪ, ದಾರಿ ಬುಡು” ಎಂದೆ. ಅದು ಸೊಂಡಿಲು ಮಡಚಿ, ತಲೆ ತಗ್ಗಿಸಿ, ಪಕ್ಕಕ್ಕೆ ಸರಿಯಿತು. ಅಂದಿನಿಂದ ಆ ಕಾಡಿನ ಆನೆಗಳು ನನ್ನ ವಿಸಿಲ್ ಕೇಳಿದರೆ ಸಾಲಾಗಿ ನಿಲ್ಲುತ್ತವೆ.

ಈ ಕಥೆಯನ್ನು ನೀನು ಚಿಕ್ಕಂದಿನಿಂದ ನೂರು ಸಲ ಕೇಳಿದ್ದೀಯ. ಪ್ರತಿ ಸಲವೂ ಆನೆ ಒಂದು ಗೇಣು ಬೆಳೆಯುತ್ತಿತ್ತು, ನೀನು ಕಣ್ಣರಳಿಸಿ ನಂಬುತ್ತಿದ್ದೆ. ಆನೆ ನಿಂತದ್ದು ನಿಜ ಕಣಮ್ಮಿ. ನಾನು ಕೊನೇ ಸೀಟಿನ ಕೆಳಗೆ ಕೂತಿದ್ದೆ. ಇಷ್ಟು ವರ್ಷದ ಮೇಲೆ ಇದನ್ನು ಬರೆಯುತ್ತಿರುವುದು ಯಾಕೆಂದರೆ, ಇದಕ್ಕಿಂತ ಕಷ್ಟದ ಇನ್ನೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಸುಲಭದ್ದರಿಂದ ಶುರು ಮಾಡಿದರೆ ಕೈ ಸ್ವಲ್ಪ ಪಳಗೀತು ಅಂದುಕೊಂಡೆ.

ನಿನ್ನ ಕಾಗದ ಮೊನ್ನೆ ಬಂತು. ನಿನ್ನಮ್ಮ, ನಮ್ಮಕ್ಕನಿಗೆ ಅಕ್ಷರ ಬಾರದಲ್ಲ, ಎಂದಿನಂತೆ ನಾನೇ ಓದಿ ಹೇಳಿದೆ. ಗುಂಡ್ಲುಪೇಟೆಯ ರೂಮು ಚೆನ್ನಾಗಿದೆ, ಶಾಲೆ ಹತ್ತಿರ ಇದೆ ಎಂಬುದನ್ನೆಲ್ಲ ಜೋರಾಗಿ ಓದಿದೆ. ಉಳಿದದ್ದನ್ನು ಓದಲಿಲ್ಲ. ಮಗ್ಗಿ ಹೇಳಿಸುತ್ತ ಹೇಳಿಸುತ್ತ ಕುರ್ಚಿಯ ಮೇಲೆಯೇ ನಿನಗೆ ನಿದ್ದೆ ಬಂದದ್ದು, ಕಣ್ಣು ಬಿಟ್ಟಾಗ ಮಿಸ್ಸು ಏಳಬಾರದೆಂದು ಇಡೀ ಕ್ಲಾಸು ಬಾಯಿಗೆ ಬೆರಳಿಟ್ಟುಕೊಂಡು ಕೂತಿದ್ದದ್ದು, ಹೆಡ್‌ಮಾಸ್ಟರ್ ಮಹದೇವಯ್ಯನವರು ಎರಡನೇ ಸಲ ಕರೆದು ಎಚ್ಚರಿಕೆ ಕೊಟ್ಟದ್ದು. ಗುಂಡ್ಲುಪೇಟೆಯ ಹೊಸ ಡಾಕ್ಟರು, “ಹೋದ ವರ್ಷದ ರಕ್ತದ ರಿಪೋರ್ಟು ತನ್ನಿ. ಐವತ್ತರ ಮಾತ್ರೆಯಲ್ಲಿ ಥೈರಾಯ್ಡ್ ಸರಿಯಾಗಿದ್ದೂ ಇಷ್ಟೇ ಆಯಾಸ ಇತ್ತು ಅಂದರೆ, ಇದು ಮಾತ್ರೆಯ ದೋಷ ಅಲ್ಲ, ಮನಸ್ಸಿನದೂ ಇರಬಹುದು” ಎಂದದ್ದು. ಸೋಮವಾರ ಮತ್ತೆ ಅವರ ಹತ್ತಿರ ಹೋಗಬೇಕೆಂದು ಬರೆದಿದ್ದೀಯ. ಆ ರಿಪೋರ್ಟು ನಿಮ್ಮ ಹತ್ತಿರ ಇದ್ದರೆ ಬಸ್ಸಿನಲ್ಲಿ ಕಳಿಸಿ ಮಾವ, ಎಂದು ಕೇಳಿದ್ದೀಯ. ಕೊನೆಗೆ ಸಣ್ಣ ಅಕ್ಷರದಲ್ಲಿ: “ರಿಪೋರ್ಟು ಸರಿ ಇದ್ದ ಮೇಲೆ ಇದು ಕಾಯಿಲೆ ಅಲ್ಲ, ನಾನೇ ಸೋಮಾರಿ ಇರಬೇಕು. ರಾಜೀನಾಮೆ ಬರೆದು ಇಟ್ಟುಕೊಂಡಿದ್ದೇನೆ. ಸೋಮವಾರ ಡಾಕ್ಟರು ಅದನ್ನೇ ಹೇಳಿದರೆ ಕೊಟ್ಟು ಮನೆಗೆ ಬಂದುಬಿಡುತ್ತೇನೆ.”

ಆ ರಿಪೋರ್ಟು ನನ್ನ ಹತ್ತಿರ ಇಲ್ಲ. ಮೈಸೂರಿನಲ್ಲೂ ಇಲ್ಲ. ಅಂಥದ್ದೊಂದು ರಿಪೋರ್ಟು ಈ ಭೂಮಿಯ ಮೇಲೆ ಯಾರೂ ಬರೆದಿಲ್ಲ.

ಹೇಗೆಂದು ಹೇಳುತ್ತೇನೆ. ಕಾಗದ ಹರಿಯಬೇಡ, ಕೊನೆಯವರೆಗೂ ಓದು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಿನ್ನನ್ನು ಮೈಸೂರಿಗೆ ಕರೆದುಕೊಂಡು ಹೋದದ್ದು ನೆನಪಿದೆಯಲ್ಲ. ಮುಖ ಊದಿತ್ತು, ಬಾಚಣಿಗೆ ಇಟ್ಟರೆ ಕೂದಲು ಗೊಂಚಲಾಗಿ ಬರುತ್ತಿತ್ತು, ದನಿ ಒಡೆದು ಗಂಡಸಿನ ಹಾಗೆ ಆಗಿತ್ತು. ಆ ಮುದುಕ ಡಾಕ್ಟರು, ಪಾಪ, ಎಷ್ಟು ಸಮಾಧಾನದ ಮನುಷ್ಯ. ನರ್ಸು ನಿನ್ನ ತೂಕ ನೋಡಲು ಒಳಗೆ ಕರೆದೊಯ್ದಿದ್ದಳು, ಅಕ್ಕ ಹೊರಗೆ ಬೆಂಚಿನ ಮೇಲಿದ್ದಳು. ಅವರು ನನ್ನೊಬ್ಬನಿಗೆ ಎರಡು ಮಾತು ಹೇಳಿದರು. “ಐವತ್ತರ ಮಾತ್ರೆಯಿಂದ ಶುರು ಮಾಡೋಣ. ಎರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಬನ್ನಿ, ಅದನ್ನು ನೋಡಿ ಜಾಸ್ತಿ ಮಾಡಬೇಕೋ ಏನೋ ಹೇಳ್ತೀನಿ. ರಕ್ತ ನೋಡದೆ ಏರಿಸೋದೂ ಬೇಡ, ಇಳಿಸೋದೂ ಬೇಡ.” ಇದು ಒಂದು. “ಬೆಳಿಗ್ಗೆ ಬರೀ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧ ಗಂಟೆಯಾದರೂ ಕಾಫಿ ಸಹ ಮುಟ್ಟಬಾರದು.” ಇದು ಎರಡು. ಎರಡನ್ನೂ ಕೆಡಿಸಿದವನು ನಾನು.

ಎರಡನೆಯದನ್ನು ಮನೆಗೆ ಬಂದ ದಿನವೇ ಕೆಡಿಸಿದೆ. ನಿನ್ನಜ್ಜಿ, ನಮ್ಮವ್ವ ಗುರುಮಲ್ಲಮ್ಮನವರು, ಮಾತ್ರೆಯ ವಿಷಯ ಕೇಳುತ್ತಲೇ ಎದ್ದು ನಿಂತರು. “ಸ್ನಾನ ಇಲ್ದೆ, ಲಿಂಗಪೂಜೆ ಇಲ್ದೆ, ಈ ಮನೇಲಿ ಬಾಯಿಗೆ ಒಂದು ತೊಟ್ಟು ನೀರು ಬಿಟ್ಟೋರಿಲ್ಲ. ಮಾತ್ರೆ ಅಂತೆ, ಮಾತ್ರೆ!” ಪೂಜೆ ಮುಗಿಸಿ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಕಾಫಿಗೆ ಕಾದಿದ್ದರೆ ಅವ್ವನ ಮಾತೂ ಉಳಿಯುತ್ತಿತ್ತು, ಡಾಕ್ಟರ ಮಾತೂ ಉಳಿಯುತ್ತಿತ್ತು. ಅಷ್ಟು ಬಿಡಿಸಿ ಹೇಳುವ ತಾಳ್ಮೆ ನನಗೆಲ್ಲಿ? ತೀರ್ಪು ಕೊಡುವ ಹುಮ್ಮಸ್ಸು ಮಾತ್ರ ಇತ್ತು. “ಬುಡವ್ವ, ಡಾಕ್ಟ್ರು ನಂಗೇ ಏಳವ್ರೆ. ಪೂಜೆ ಆದ್ಮೇಲೆ ಕಾಫಿ ಜತೇಲಿ ಆಕೊಂಡ್ರೂ ನಡೀತದೆ” ಎಂದೆ. ಅವ್ವ ಕೂತರು. ಎಲ್ಲರೂ ನನ್ನನ್ನು ಬುದ್ಧಿವಂತ ಎಂದರು. ನೀನು ಅಂದಿನಿಂದ ಇಂದಿನವರೆಗೂ ಹಾಲು ಹಾಕಿದ ಬಿಸಿ ಕಾಫಿಯಲ್ಲೇ ಆ ಮಾತ್ರೆಯನ್ನು ನುಂಗುತ್ತಿದ್ದೀಯ.

ಮೊದಲನೆಯದು ಏಪ್ರಿಲ್‌ನಲ್ಲಿ. ಎರಡು ತಿಂಗಳು ಮಾತ್ರೆ ತಿಂದರೂ ನಿನಗೆ ಅದೇ ನಿದ್ದೆ, ಆ ಬಿಸಿಲಿನಲ್ಲೂ ಕಂಬಳಿ. ಬಸ್ಸಿನಲ್ಲಿ ಕೂರುವ ತ್ರಾಣವೂ ಇರಲಿಲ್ಲ. ಅದಕ್ಕೇ ರಕ್ತವನ್ನು ಚಾಮರಾಜನಗರದಲ್ಲೇ ತೆಗೆಸಿ ನನ್ನ ಕೈಯಲ್ಲಿ ಮೈಸೂರಿನ ಲ್ಯಾಬಿಗೆ ಕಳಿಸುವುದೆಂದು ಆಯಿತು. ನಮ್ಮ ಕಡೆಯವರು ಬಸ್ಸಿನವರ ಕೈಗೆ ಏನು ಕೊಡುವುದಿಲ್ಲ ಹೇಳು? ಮಗನ ಬುತ್ತಿ, ಮಗಳ ಫೋಟೋ, ಕೋರ್ಟಿನ ಕಾಗದ, ಬಾಣಂತಿಯ ಖಾರದ ಪುಡಿ. ಹದಿನಾಲ್ಕು ವರ್ಷ ಆ ಬಸ್ಸಿನಲ್ಲಿ ಏಜೆಂಟಾಗಿದ್ದೇನೆ, ಒಂದು ದಾರದುಂಡೆಯನ್ನೂ ಕಳೆದವನಲ್ಲ. ಈ ಹೆಮ್ಮೆ ನಿಜವಾದದ್ದು, ಬೇಕಾದರೆ ಯಾರನ್ನಾದರೂ ಕೇಳು. ಕಳೆದದ್ದು ನಿನ್ನದೊಂದೇ.

ಲ್ಯಾಬಿನ ಗುರುಸಿದ್ದಯ್ಯನಿಗೆ ನರ ಸಿಗಲಿಲ್ಲ. ಮೂರು ಸಲ ಚುಚ್ಚಿದ. ಸೂಜಿ ಕಂಡರೆ ಹೆದರುವವಳು ನೀನು, ಮುಖ ಆಚೆ ತಿರುಗಿಸಿ ನನ್ನ ಹೆಬ್ಬೆರಳನ್ನು ಹಿಂಡುತ್ತ, “ಆಯ್ತಾ ಮಾವ? ಆಯ್ತಾ?” ಎನ್ನುತ್ತಿದ್ದೆ. ಬೆರಳುದ್ದದ ಗಾಜಿನ ಶೀಸೆಯನ್ನು ಅವನು ನನ್ನ ಟೀ ಫ್ಲಾಸ್ಕಿನೊಳಗೆ ಐಸ್ ತುಂಬಿ ಇಟ್ಟ. “ಐಸ್ ಕರಗೋದ್ರೊಳಗೆ ಮುಟ್ಟಿಸ್ಬುಡಿ” ಎಂದ. ಅಕ್ಕ ಹಾಲಿನ ಡೈರಿಯಲ್ಲಿ ಕೂಡಿಟ್ಟಿದ್ದ ಹಣವನ್ನು ಪರೀಕ್ಷೆಗೆಂದು ಜೇಬಿಗಿಟ್ಟಳು.

ಬದನಗುಪ್ಪೆ ಹತ್ತಿರ ಟೈರು ಪಂಕ್ಚರ್ ಆಯಿತು. ಅರ್ಧ ಗಂಟೆಯ ಕೆಲಸ. ಹುಣಿಸೆಮರದ ಕೆಳಗೆ ನಾಲ್ಕು ಜನ ಟವಲು ಹಾಸಿ ಅಂದರ್ ಬಾಹರ್ ಆಡುತ್ತಿದ್ದರು. ಒಂದೇ ಒಂದು ಆಟ ಎಂದು ಕೂತೆ. ಆ ಒಂದನ್ನು ಗೆದ್ದೆ, ಅಲ್ಲೇ ಕೆಟ್ಟಿತು. ಟೈರು ಹಾಕಿದ ಮೇಲೆ ಡ್ರೈವರ್ ಲಿಂಗಯ್ಯ ಹಾರನ್ ಮೇಲೆ ಹಾರನ್ ಹೊಡೆದು, ಕೊನೆಗೆ ತಾನೇ ಇಳಿದು ಬಂದ. “ಏಳ್ಲಾ ಮರಿ! ಮಗಿನ ರಕ್ತ ಇಟ್ಕೊಂಡು ಇಸ್ಪೀಟಾಡ್ತಿಯಲ್ಲೋ, ನೀನೇನ್ ಮನ್ಸನಾ?” ಎಂದ. ನಾನು ಎಲೆಗಳಿಂದ ಕಣ್ಣೆತ್ತದೆ, “ನೀ ನಡಿಲಾ, ಇಂದಿನ ಬಸ್ಸಲ್ಲಿ ಬತ್ತೀನಿ” ಎಂದೆ. ಹಿಂದಿನ ಬಸ್ಸು ಬಂತು, ಹೋಯಿತು. ಅದರ ಹಿಂದಿನದೂ ಹೋಯಿತು.

ನೂರಿಪ್ಪತ್ತು ರೂಪಾಯಿ ಸೋತೆ. ಉಳಿದದ್ದು ಪರೀಕ್ಷೆಗೆ ಸಾಲುತ್ತಿರಲಿಲ್ಲ. ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಹೊತ್ತು ಮುಳುಗುವಾಗ ಎದ್ದು ಫ್ಲಾಸ್ಕಿನ ಮುಚ್ಚಳ ತೆಗೆದೆ. ಐಸೆಲ್ಲ ನೀರಾಗಿ ಶೀಸೆ ಅದರಲ್ಲಿ ತೇಲುತ್ತಿತ್ತು. ಕೈಗೆ ತೆಗೆದುಕೊಂಡರೆ ಬೆಚ್ಚಗಿತ್ತು. ಮೂರು ಸಲ ಚುಚ್ಚಿಸಿಕೊಂಡು ಕೊಟ್ಟದ್ದನ್ನು ಬೇಲಿಯ ಬುಡಕ್ಕೆ ಸುರಿದೆ. ಒಂದು ಕೆಂಜಗದ ಸಾಲು ಹೋಗುತ್ತಿತ್ತು, ಅದು ಸುತ್ತು ಬಳಸಿ ಹೋಯಿತು. ಶೀಸೆಯನ್ನು ಅಲ್ಲೇ ಮಣ್ಣಿನಲ್ಲಿ ತುಳಿದೆ. ಆ ಫ್ಲಾಸ್ಕಿನಲ್ಲಿ ಇವತ್ತಿನವರೆಗೂ ನಾನು ಟೀ ಕುಡಿದಿಲ್ಲ, ಅಟ್ಟದ ಮೇಲಿದೆ.

ಒಂದು ವಾರ ಬಿಟ್ಟು, ಮೈಸೂರಿಗೆ ಹೋಗಿ ಬಂದವನಂತೆ ಒಳಗೆ ಬಂದು, “ಎಲ್ಲಾ ನಾರ್ಮಲ್! ಅದೇ ಐವತ್ತು ಸಾಕಂತೆ. ರಿಪೋರ್ಟು ಡಾಕ್ಟ್ರು ಫೈಲಲ್ಲೇ ಇಟ್ಕೊಂಡ್ರು” ಎಂದೆ. ಅಕ್ಕ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ನೀನು ಮಾತ್ರ ಕಂಬಳಿಯೊಳಗಿಂದ, “ಮತ್ಯಾಕೆ ಮಾವ ನಂಗೆ ಇಂಗೇ ಆಯ್ತದೆ?” ಎಂದು ಕೇಳಿದೆ. ಆಮೇಲೆ ಆ ಡಾಕ್ಟರು ಮೈಸೂರು ಬಿಟ್ಟು ಮಗನ ಊರಿಗೆ ಹೋದರೆಂದು ಕೇಳಿ, ಸದ್ಯ ಬಚಾವಾದೆ ಅಂದುಕೊಂಡೆ. ಎಂಥ ಪಾಪಿ ನೋಡು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಮೇ ತಿಂಗಳಲ್ಲಿ ನಮ್ಮೂರ ಚಿಕ್ಕಬಸವಯ್ಯನವರ ಮನೆ ಗೃಹಪ್ರವೇಶ. ನೀನು ಊಟದ ಚಾಪೆಯ ತುದಿಯಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದೆ. ಇಡೀ ಪಂಕ್ತಿ ಕೇಳುವಂತೆ ನಾನು, “ಅಮ್ಮಿ, ಬಂಡೀಪುರದ ಆನೆಮರಿ ದಾರಿ ತಪ್ಪಿ ಇಲ್ಲಿಗ್ಬಂದದೆ ಕಣಪ್ಪೋ, ಯಾರಾರ ಕಬ್ಬು ತನ್ನಿ!” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನು ಎಚ್ಚೆತ್ತು, ಯಾಕೆಂದು ತಿಳಿಯದೆ, ಊದಿದ ಕಣ್ಣಿನಲ್ಲೇ ನೀನೂ ನಕ್ಕೆ. ಬೇರೆಯವರಿಗೆ ಗೊತ್ತಿರಲಿಲ್ಲ, ಅವರು ನಕ್ಕರೆ ತಪ್ಪಿಲ್ಲ. ನಿನಗೆ ಯಾಕೆ ನಿದ್ದೆ ಬರುತ್ತದೆಂದು ಆ ಪಂಕ್ತಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ. ಅವ್ವ ನಿನ್ನನ್ನು ಸೋಮಾರಿ ಎಂದಾಗಲೆಲ್ಲ ನಾನೊಂದು ತಮಾಷೆ ಸೇರಿಸುತ್ತಿದ್ದೆ. ಒಂದು ವರ್ಷ ಹೀಗೇ ಸೇರಿಸಿ ಸೇರಿಸಿ, ಕೊನೆಗೆ ನೀನೇ ನಂಬುವಂತೆ ಮಾಡಿದೆ.

ನೀನು ಸೋಮಾರಿ ಅಲ್ಲ ಕಾವ್ಯ. ನಿನ್ನ ಮಾತ್ರೆ ಸಾಲುತ್ತಿದೆಯೋ ಇಲ್ಲವೋ ಎಂದು ಇಷ್ಟು ದಿನ ಯಾರೂ ನೋಡೇ ಇಲ್ಲ.

ಸೋಮವಾರ ಡಾಕ್ಟರಿಗೆ ಹೀಗೆ ಹೇಳು. ಹೋದ ವರ್ಷ ಪರೀಕ್ಷೆ ಆಗಲಿಲ್ಲ, ನಾರ್ಮಲ್ ಎಂದದ್ದು ನಮ್ಮ ಮಾವ ಹೇಳಿದ ಸುಳ್ಳು. ಮಾತ್ರೆಯನ್ನು ಕಾಫಿಯಲ್ಲಿ ತೆಗೆದುಕೊಳ್ಳುತ್ತಿದ್ದೆ, ಅದೂ ಅವರು ಹೇಳಿದ್ದೇ. ಇದನ್ನು ಬಿಡಬೇಡ, ಅವರಿಗೆ ಇದು ಬೇಕಾಗುತ್ತದೆ. ಅವರು ರಕ್ತ ನೋಡಿ ಎಷ್ಟು ಹೇಳುತ್ತಾರೋ ಅಷ್ಟು ತೆಗೆದುಕೋ. ಆಯಾಸ ಎಂದು ನೀನಾಗಿ ಎರಡು ನುಂಗಬೇಡ, ಎದೆ ಹೊಡೆದುಕೊಂಡೀತು. ಮತ್ತೆ ಎರಡು ತಿಂಗಳಿಗೆ ನೋಡಬೇಕು ಎಂದರೆ ನೋಡಿಸು. ಅವರು ಹೇಳುವವರೆಗೂ ಆ ರಾಜೀನಾಮೆಯನ್ನು ಪುಸ್ತಕದೊಳಗೇ ಇಡು.

ಮೊದಲ ಬಸ್ಸಿಗೆ ನಾನೂ ಬರುತ್ತೇನೆ, ಪರೀಕ್ಷೆಯ ಹಣ ನನ್ನ ಸಂಬಳದ್ದು. ಡಾಕ್ಟರ ಮುಂದೆ ನಾನೇ ಹೇಳಬೇಕೆಂದರೆ ಹೇಳುತ್ತೇನೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಬಾಗಿಲ ಹೊರಗೆ ನಿಲ್ಲುತ್ತೇನೆ. ಆದರೆ ಶೀಸೆಯನ್ನು ಮಾತ್ರ ನನ್ನ ಕೈಗೆ ಕೊಡಬೇಡ. ಈ ಕಾಗದವನ್ನೂ ಬಸ್ಸಿನಲ್ಲಿ ಕಳಿಸುತ್ತಿಲ್ಲ. ಕಳಿಸಿದರೆ ತೆರಕಣಾಂಬಿ ಮುಟ್ಟುವುದರೊಳಗೆ ನಾನೇ ಅಡ್ಡಹಾಕಿ ವಾಪಸ್ ಇಸಿದುಕೊಂಡೇನು ಎಂಬ ಭಯ. ಸ್ಟಾಂಪು ಹಚ್ಚಿ ಪೋಸ್ಟ್ ಡಬ್ಬಿಗೆ ಹಾಕುತ್ತೇನೆ. ಅದರೊಳಗೆ ಕೈ ಹೋಗುವುದಿಲ್ಲ. ಡಬ್ಬಿಗೆ ಹಾಕಿ ಬಂದು, ನೀನು ಬರೆದ ಕಾಗದವನ್ನು ಅಕ್ಕನಿಗೂ ಅವ್ವನಿಗೂ ಪೂರ್ತಿ ಓದಿ ಹೇಳುತ್ತೇನೆ, ಆಮೇಲೆ ನನ್ನದನ್ನು.

ಇನ್ನೊಂದು ಉಳಿದಿದೆ. ಮೇಲೆ ನೂರಿಪ್ಪತ್ತು ಎಂದು ಬರೆದೆ. ಇಷ್ಟೆಲ್ಲ ಒಪ್ಪಿಕೊಳ್ಳುತ್ತಿರುವಾಗಲೂ ಕೈ ತನ್ನ ಚಾಳಿ ಬಿಡಲಿಲ್ಲ. ಎತ್ತಿಟ್ಟದ್ದು ಏನೂ ಇಲ್ಲ. ನೂರಿಪ್ಪತ್ತೇ ಹೋಗಿದ್ದರೆ ಲಿಂಗಯ್ಯನ ಕಾಲು ಹಿಡಿದಾದರೂ ತುಂಬಿಸಿ ಪರೀಕ್ಷೆ ಮಾಡಿಸಬಹುದಿತ್ತು. ಅಕ್ಕ ಕೊಟ್ಟ ಆರುನೂರೂ ಹೋಯಿತು. ಅದು ಮುಗಿದ ಮೇಲೂ ನಾನು ಏಳಲಿಲ್ಲ. ಲ್ಯಾಬಿನ ಬಾಗಿಲಲ್ಲಿ ನೀನು ಹತ್ತಿ ಒತ್ತಿಕೊಂಡ ಕೈಯಲ್ಲೇ ಇಪ್ಪತ್ತರ ನೋಟೊಂದನ್ನು ನನ್ನ ಜೇಬಿಗೆ ತುರುಕಿ, “ಮೈಸೂರಲ್ಲಿ ಉಪವಾಸ ಇರ್ಬೇಡಿ ಮಾವ, ಊಟ ಮಾಡಿ” ಎಂದಿದ್ದೆಯಲ್ಲ. ಕೊನೆಯ ಆಟಕ್ಕೆ ಇಟ್ಟದ್ದು ಅದನ್ನು.

ನಿನ್ನ ದನಿ ಮೊದಲಿನಂತಾಗಲಿ, ಆ ಮಕ್ಕಳು ನಿನ್ನ ಗದರಿಕೆಗೆ ಬೆಚ್ಚುವಷ್ಟು ಜೋರಾಗಲಿ ಎಂದು ಹರಸುವ,

ಆರುನೂರ ಇಪ್ಪತ್ತು ರೂಪಾಯಿ ಸೋತ ನಿನ್ನ ಮಾವ,
ಮರಿಮಲ್ಲಪ್ಪ