ಗ್ಯಾಲರಿಗೆ ಕಳ್ಳನ ಹೆಸರು ಬೇಡ

ಮಾನ್ಯ ಕುಲಪತಿಗಳೇ,

ಲಲಿತಕಲಾ ವಿಭಾಗದ ಹೊಸ ಗ್ಯಾಲರಿಗೆ ನನ್ನ ಹೆಸರಿಡುವುದಾಗಿ ತಾವು ಬರೆದ ಪತ್ರ ತಲುಪಿದೆ. ಇಡಬೇಡಿ. ನಾನು ಕಳ್ಳ. ವಿದ್ಯಾರ್ಥಿನಿಯೊಬ್ಬಳ ಚಿತ್ರ ಕದ್ದು ರಾಷ್ಟ್ರಮಟ್ಟದ ಬಹುಮಾನ ಹೊಡೆದವನು. ಇದು ನಿಮಗೆ ಹೊಸ ಸುದ್ದಿಯಲ್ಲ. ಆ ಕಳವಿನ ವಿಚಾರಣೆಗೆ ಕೂತ ಮೂವರ ಸಮಿತಿಗೆ ತಾವೇ ಅಧ್ಯಕ್ಷರಾಗಿದ್ದಿರಿ. ಖಾಸಗಿಯಾಗಿ ಬರೆದರೆ ಮುದುಕನಿಗೆ ಭ್ರಮೆ ಎಂದು ಕಡತದೊಳಗೆ ಸೇರಿಸುತ್ತೀರಿ. ಅದಕ್ಕೇ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಓದುಗರಿಗೆ ನನ್ನ ಪರಿಚಯವಿರಲಿ. ಐಗಳಿಯ ದ್ರಾಕ್ಷಿ ತೋಟದ ಮನೆತನದವನು. ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಮತ್ತು ಮರದಚ್ಚು ಕಲಿಸಿದೆ. ಹಲಗೆಯ ಮೇಲೆ ಚಿತ್ರ ಕೆತ್ತಿ, ಮಸಿ ಸವರಿ, ಕಾಗದಕ್ಕೆ ಒತ್ತುವ ಕಲೆ ಅದು. ನನ್ನ ತರಗತಿಯಲ್ಲಿ ಅಳದೆ ಪಾಸಾದವರು ಕಡಿಮೆ. ಮೆಚ್ಚದ ಹಲಗೆಯನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದೆ. ಆಗ ಡೀನ್ ಆಗಿದ್ದ ತಾವು ಇದಕ್ಕೆ ‘ಗುರುಕುಲದ ಶಿಸ್ತು’ ಎಂದು ಹೆಸರಿಟ್ಟು ಭಾಷಣಗಳಲ್ಲಿ ಹೊಗಳಿದಿರಿ. ಎಸೆಯುತ್ತಿದ್ದವನು ಆರು ವರ್ಷದಿಂದ ಸ್ವಂತದ್ದೊಂದು ಚಿತ್ರವನ್ನೂ ಮಾಡಿರಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ. ಪ್ರಾಧ್ಯಾಪಕರನ್ನು ಅದನ್ನೆಲ್ಲ ಕೇಳುವ ಪದ್ಧತಿ ನಮ್ಮಲ್ಲಿದೆಯೇ?

ಹದಿನಾಲ್ಕು ವರ್ಷದ ಹಿಂದೆ ನಿಪ್ಪಾಣಿಯ ಸಪನಾ ಎಂಬ ಹುಡುಗಿ ಸ್ನಾತಕೋತ್ತರ ಕೊನೆಯ ವರ್ಷದಲ್ಲಿದ್ದಳು. ತಾಯಿ ತಾರಾಬಾಯಿ ಬೀಡಿ ಕಟ್ಟುವವಳು. ಪರೀಕ್ಷೆಗಾಗಿ ಸಪನಾ ನಾಲ್ಕಡಿ ಹಲಗೆಯಲ್ಲಿ ತಾಯಿಯನ್ನು ಕೆತ್ತಿದ್ದಳು. ಮೊರ ತೊಡೆಯ ಮೇಲಿಟ್ಟುಕೊಂಡು, ಕತ್ತರಿಯಿಂದ ಎಲೆ ಕತ್ತರಿಸುತ್ತ ಕುಳಿತ ಹೆಂಗಸು. ಅಷ್ಟು ಒಳ್ಳೆಯ ಅಚ್ಚು ನನ್ನ ವಿಭಾಗದಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ನೋಡಿದ ಕ್ಷಣ ನನಗಾದದ್ದು ಸಂತೋಷವಲ್ಲ, ಹೊಟ್ಟೆಯುರಿ. ತಪ್ಪು ಹುಡುಕಿದೆ, ಸಿಕ್ಕಿತು. ಹೊರಗಿನ ಪರೀಕ್ಷಕರ ಮುಂದೆ, ಇಡೀ ತರಗತಿಯ ಮುಂದೆ ಕಾಗದ ಎತ್ತಿ ಹಿಡಿದೆ.

“ಅಚ್ಚಿನಾಗ ಎಡ ಬಲ ಉಲ್ಟಾ ಆಗ್ತಾವ ಅನ್ನೂದು ಒಂದನೇ ವರ್ಷದ ಪಾಠ. ಈಕಿ ಕತ್ತರಿ ಎಡಗೈಗೆ ಬಂದೈತಿ ನೋಡ್ರಿ. ಐದ ವರ್ಷ ಏನ ಕಲ್ತಿ ಬೇ?”

“ಸರ್, ನಮ್ಮ ಆಯಿ ಎಡಚಿ ಅದಾಳ್ರಿ. ಎಡಗೈ ಬರಲಿ ಅಂತನ ತಿರುವಿ ಕೆತ್ತೇನ್ರಿ.”

“ಹೌದಾ? ಹಂಗಾರ ನಿಮ್ಮ ಆಯಿನ್ನ ಕರಕೊಂಡ ಬಾ. ಆಕಿನ್ನೂ ಪರೀಕ್ಷಾ ಮಾಡೂಣು.”

ಎಲ್ಲರೂ ನಕ್ಕರು. ಪರೀಕ್ಷಕರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮರುದಿನ ಅವಳು ನಿಜಕ್ಕೂ ತಾಯಿಯನ್ನು ಕರೆತಂದಳು. ತಾರಾಬಾಯಿ ಒಂದು ದಿನದ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ, ಮೊರ ಕತ್ತರಿ ಸಮೇತ ಬಂದು ವಿಭಾಗದ ಬಾಗಿಲಲ್ಲಿ ಕುಳಿತಳು. ಸರ್ ಇಲ್ಲ ಎಂದು ಹೇಳು ಎಂದು ಜವಾನ ನಿಲೇಶನಿಗೆ ಹೇಳಿ, ನಾನು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದೆ. ಆಕೆ ನಿಲೇಶನನ್ನೇ ಪ್ರಾಧ್ಯಾಪಕನೆಂದು ತಿಳಿದಳೋ ಏನೋ, ಅವನ ಮುಂದೆ ಎಲೆ ಹರಡಿಕೊಂಡು ಕತ್ತರಿಸಿ ತೋರಿಸತೊಡಗಿದಳು. ಎಡಗೈಯಲ್ಲಿ. ಕತ್ತರಿಸುತ್ತ ನಗುತ್ತಿದ್ದಳು, ಮಗಳ ಪರೀಕ್ಷೆಗೆ ತಾನೂ ಬೇಕಾದೆನಲ್ಲ ಎಂಬ ಹಿಗ್ಗು. ಅಂಕಪಟ್ಟಿ ಆಗಿನ್ನೂ ನನ್ನ ಮೇಜಿನ ಮೇಲಿತ್ತು. ಪರದೆ ಎಳೆದು, ಕುಳಿತು, ಸಪನಾಳ ಹೆಸರಿನ ಮುಂದೆ ‘ಅನುತ್ತೀರ್ಣ’ ಎಂದು ಬರೆದೆ. ತಿಳಿಯದೆ ಮಾಡಿದ ತಪ್ಪಲ್ಲ ಇದು, ಮಾನ್ಯರೇ. ಕಣ್ಣಾರೆ ನೋಡಿ ಬರೆದದ್ದು.

ಅವಳು ಓದು ಬಿಟ್ಟಳು. ಅವಳ ಚಿತ್ರದ ಒಂದು ಪ್ರತಿ ನನ್ನ ಕಪಾಟಿನಲ್ಲಿ ಉಳಿಯಿತು. ವರ್ಷದೊಳಗೆ ಆ ಪ್ರತಿಯನ್ನೇ ಹೊಸ ಹಲಗೆಗೆ ಅಂಟಿಸಿ, ಗೆರೆ ತಪ್ಪದಂತೆ ಅದರ ಮೇಲೆಯೇ ಕೆತ್ತಿದೆ. ಹಾಗೆ ಕೆತ್ತಿದ್ದರಿಂದ ಅಚ್ಚಿನಲ್ಲಿ ಎಲ್ಲ ಅದಲುಬದಲಾಗಿ ಕತ್ತರಿ ಬಲಗೈಗೆ ಬಂತು. ಕೆಳಗೆ ನನ್ನ ಸಹಿ ಹಾಕಿದೆ. ‘ಶ್ರಮಿಕ ಮಹಿಳೆಯ ಅಂತರಂಗ ಬಲ್ಲ ಕಲಾವಿದ’ ಎಂದು ಬಹುಮಾನದ ಪತ್ರದಲ್ಲಿ ಬರೆದರು. ಪರದೆ ಸರಿಸಿ ನೋಡಿ ಬಲ್ಲೆ, ಹೌದು.

ಪತ್ರಿಕೆಯಲ್ಲಿ ಚಿತ್ರ ನೋಡಿದ ಸಪನಾ ತನ್ನಲ್ಲಿದ್ದ ಇನ್ನೊಂದು ಪ್ರತಿಯನ್ನು ಜೊತೆಗಿಟ್ಟು ತಮಗೆ ದೂರು ಬರೆದಳು. ಚಿತ್ರ ನನ್ನದೇ ಎಂದು ನಾನು ಸಮಿತಿಯ ಮುಂದೆ ಹೇಳಿದೆ. ತಮ್ಮ ಸಮಿತಿ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಏನು ತೀರ್ಮಾನಿಸಿತು? ‘ದೂರುದಾರಳ ಚಿತ್ರದ ಮಹಿಳೆ ಎಡಗೈಯವಳು, ಪ್ರಾಧ್ಯಾಪಕರ ಚಿತ್ರದ ಮಹಿಳೆ ಬಲಗೈಯವಳು, ಆದ್ದರಿಂದ ಇವು ಎರಡು ಸ್ವತಂತ್ರ ಕೃತಿಗಳು.’ ಪಕ್ಕದ ಶೌಚಾಲಯದಿಂದ ಒಂದು ಕನ್ನಡಿ ಬಿಚ್ಚಿ ತರಿಸಿದ್ದರೆ ಸಾಕಿತ್ತು. ತಮಗೆ ಹೊಳೆಯಲಿಲ್ಲವೆಂದು ನಾನು ನಂಬುವುದಿಲ್ಲ. ವರದಿಗೆ ಸಹಿ ಬಿದ್ದ ಸಂಜೆ ಚಹಾ ಕುಡಿಯುತ್ತ ತಾವು ಹೇಳಿದ ಮಾತು ನೆನಪಿದೆ: “ನಿಮ್ಮ ಬಹುಮಾನ ನಮ್ಮದೂ ಹೌದಲ್ರಿ. ಒಂದು ಹುಡುಗಿ ಸಲುವಾಗಿ ಕಳಕೊಳ್ಳೂದ?” ನಾನು ವಿಭಾಗದ ಮುಖ್ಯಸ್ಥನಾದೆ. ತಾವು ಎಲ್ಲಿಯವರೆಗೆ ಏರಿದಿರಿ ಎಂಬುದು ಈ ಪತ್ರದ ವಿಳಾಸದಲ್ಲೇ ಇದೆ.

ತಮ್ಮ ಪತ್ರ ಬಂದ ವಾರ ನಾನು ನಿಪ್ಪಾಣಿಗೆ ಹೋದೆ. ಪಶ್ಚಾತ್ತಾಪ ಎಂದು ದೊಡ್ಡ ಮಾತಾಡಲಾರೆ. ಗೋಡೆಯ ಮೇಲೆ ನನ್ನ ಹೆಸರು ನೋಡಿ ಸಪನಾ ಈ ಸಲ ಪತ್ರಿಕೆಗೇ ಬರೆದಾಳೆಂಬ ಹೆದರಿಕೆಯೂ ಇತ್ತು. ಬೇಡಕಿಹಾಳದ ದಾರಿಯಲ್ಲಿ, ಕಬ್ಬಿನ ಟ್ರೇಲರ್‌ಗಳಿಗೆ ಬಣ್ಣ ಬಳಿದು ಹೆಸರು ಬರೆಯುವ ಶೆಡ್ಡಿನಲ್ಲಿ ಸಿಕ್ಕಳು. ನನ್ನನ್ನು ಗುರುತಿಸಿದಳು. ಬ್ರಶ್ ಕೆಳಗಿಡಲಿಲ್ಲ.

“ಆಯಿ ಅದಾರೇನವಾ?” ಎಂದೆ.

“ತೀರಿಕೊಂಡು ನಾಕ ವರ್ಷ ಆತ್ರಿ. ಸರ್ ಯಾಕ ಭೇಟಿ ಆಗ್ಲಿಲ್ಲ, ನಾ ಏನರ ತಪ್ಪ ಮಾಡಿದ್ನೇನು ಅಂತ ಕಡೀತನಾ ಕೇಳತಿದ್ಲು.”

“ತಪ್ಪಾತವಾ. ಕ್ಷಮಿಸು.”

“ನಿಮಗ ಹಗುರ ಆಗ್ಲಿ ಅಂತ ಬಂದೀರಿ ಸರ್. ನನಗೇನ ತಂದೀರಿ?”

ನನ್ನ ಕೈಯಲ್ಲಿ ತೋಟದ ದ್ರಾಕ್ಷಿಯ ಬುಟ್ಟಿ ಇತ್ತು. ಅದನ್ನು ನೋಡಿ ಅವಳು ಮತ್ತೆ ಟ್ರೇಲರ್‌ನತ್ತ ತಿರುಗಿದಳು. ಬಣ್ಣ ಬಳಿಯುತ್ತಲೇ ಹೇಳಿದಳು: “ನನ್ನ ಕಡೆ ಬಂದು ಅಳಬ್ಯಾಡ್ರಿ. ಕಮಿಟಿ ಮುಂದ ಸುಳ್ಳ ಹೇಳೀರಿ, ಎಲ್ಲಾರ ಮುಂದ ಖರೇ ಹೇಳ್ರಿ. ನನಗ ಸತ್ಕಾರ ಬ್ಯಾಡ. ಪಾಸೋ ನಾಪಾಸೋ, ನನ್ನ ಕೆಲಸಾ ನೋಡಿ ಹೇಳ್ರಿ, ಸಾಕು.”

ಆದ್ದರಿಂದ ನನ್ನ ಒತ್ತಾಯ ಇಷ್ಟು. ಗ್ಯಾಲರಿಗೆ ನನ್ನ ಹೆಸರು ಬೇಡ. ಬಹುಮಾನವನ್ನು ಕೊಟ್ಟವರಿಗೇ ಮರಳಿಸಿದ್ದೇನೆ. ಕಡತ ತೆರೆಯಿರಿ, ಸಪನಾಳ ಚಿತ್ರವನ್ನು ನಿಮ್ಮ ನನ್ನ ಪರಿಚಯವಿಲ್ಲದ ಪರೀಕ್ಷಕರಿಂದ ಮತ್ತೆ ಮೌಲ್ಯಮಾಪನ ಮಾಡಿಸಿ, ಆ ಕೊಠಡಿಯಲ್ಲಿ ನೀವಿರಬೇಡಿ. ಕಡತ ಕಳೆದಿದೆ ಎನ್ನಬೇಡಿ, ವರದಿಯ ಪ್ರತಿ ನನ್ನಲ್ಲಿದೆ, ತಮ್ಮ ಸಹಿಯೂ ಚೆನ್ನಾಗಿ ಮೂಡಿದೆ. ಉತ್ತರವನ್ನು ನನಗೆ ಕಳಿಸಬೇಡಿ, ಅವಳಿಗೆ ಕಳಿಸಿ. ಹಿಂದೆ ಕಳಿಸಿದ ಒಂದೇ ಉತ್ತರವನ್ನು ಅವಳು ನನಗೆ ತೋರಿಸಿದಳು. ‘ಕುಮಾರಿ ಸ್ವಪ್ನಾ ಅವರಿಗೆ’ ಎಂದಿತ್ತು. “ಇದು ನನಗ ಬಂದದ್ದಲ್ರಿ ಸರ್, ಯಾರೋ ಬ್ಯಾರೇದವರಿಗೆ ಬಂದೈತಿ,” ಎಂದಳು. ಅವಳ ಹೆಸರು ಸಪನಾ. ಸ ಪ ನಾ. ಹದಿಮೂರು ವರ್ಷದಿಂದ ಅವಳ ದೂರಿಗೆ ಉತ್ತರವೇ ಬಂದಿಲ್ಲ.

ಇಂತಿ,
ನೀವು ನಿರ್ದೋಷಿಯೆಂದು ಬರೆದುಕೊಟ್ಟ ಕಳ್ಳ,
ವಿರುಪಾಕ್ಷಪ್ಪ, ನಿವೃತ್ತ ಪ್ರಾಧ್ಯಾಪಕ
ಐಗಳಿ, ಅಥಣಿ ತಾಲ್ಲೂಕು